ಹೊರದೇಶದ ಪಯಣದ ಸಣ್ಣ ಕಿರಿಕಿರಿಗಳನ್ನು ಪ್ರಾರ್ಥನೆಗೆ ತರುವುದು ಹೇಗೆ

ಮೈಸೂರು, ಮಂಡ್ಯದ ಕ್ರೈಸ್ತ ಸಭೆಗಳಿಂದ ಹೊರದೇಶಕ್ಕೆ ಹೊರಡುವವರಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೋ ದುಬೈಗೋ ಹೋಗುವ ಅಪ್ಪ ಅಮ್ಮಂದಿರು ಇರುತ್ತಾರೆ, ಗುಂಪು ಕಟ್ಟಿಕೊಂಡು ಜೆರುಸಲೇಮ್ ನೋಡಲು ಹೋಗುವ ಯಾತ್ರಿಕರೂ ಇರುತ್ತಾರೆ. ಪಾಸ್‌ಪೋರ್ಟು, ವಿಮೆ, ಸ್ವೆಟರು ಎಲ್ಲಕ್ಕೂ ಪಟ್ಟಿ ಸಿದ್ಧವಾಗಿರುತ್ತದೆ. ನಿದ್ದೆಗೆಟ್ಟ ರಾತ್ರಿ, ಮರಗಟ್ಟಿದ ಕಾಲು, ಸಪ್ಪೆ ಊಟ, ಅರ್ಥವಾಗದ ಮಾತು ಇವುಗಳಿಗೆ ಮಾತ್ರ ಯಾರೂ ಸಿದ್ಧರಾಗಿರುವುದಿಲ್ಲ. ಈ ಬರಹ ಆ ಸಿದ್ಧತೆಗಾಗಿ.

ಮೊದಲಿಗೆ ಒಂದು ಎಚ್ಚರಿಕೆ. ಇವನ್ನೆಲ್ಲ ಶಿಲುಬೆ ಎಂದು ಕರೆಯಬೇಡಿ. ಪೌಲನು ತಾನು ಪಟ್ಟ ಪಾಡನ್ನು 2 ಕೊರಿಂಥ 11ರಲ್ಲಿ ಬರೆದಿದ್ದಾನೆ: ಮೂರು ಸಲ ಹಡಗು ಒಡೆದದ್ದು, ಹಸಿವು, ಚಳಿ, ಕಳ್ಳರ ಭಯ. ಅದರ ಪಕ್ಕದಲ್ಲಿ ನಮ್ಮ ವಿಮಾನದ ಸೀಟನ್ನು ಇಡುವುದು ಸರಿಯಲ್ಲ. ಸಣ್ಣ ಕಿರಿಕಿರಿಯ ಬೆಲೆ ಬೇರೆ. ದೊಡ್ಡ ಕಷ್ಟ ಯಾವಾಗಲೋ ಬರುತ್ತದೆ, ಸಣ್ಣದು ದಿನಕ್ಕೆ ಹತ್ತು ಸಲ ಬರುತ್ತದೆ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತ ಎಂಬ ಲೂಕ 16:10ರ ಮಾತನ್ನು ನಡೆಸಿ ನೋಡಲು ಹತ್ತೂ ಸಲ ಅವಕಾಶ ಸಿಗುತ್ತದೆ.

ಹೊರಡುವ ತಿಂಗಳು ಮೊದಲು

ಕೀರ್ತನೆ 120ರಿಂದ 134ರವರೆಗಿನ ಹದಿನೈದು ಯಾತ್ರೆಯ ಹಾಡುಗಳು. ಅವುಗಳಲ್ಲಿ 121, 130, 131 ಈ ಮೂರನ್ನು ಬಾಯಿಪಾಠ ಮಾಡಿ. 121ರಲ್ಲಿ ಎಂಟು ವಚನ, 130ರಲ್ಲೂ ಎಂಟು, 131ರಲ್ಲಿ ಮೂರೇ. ಹತ್ತು ದಿನಕ್ಕೊಂದರಂತೆ ಕಲಿತರೆ ತಿಂಗಳು ಸಾಕು. ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಚೀಲದಲ್ಲಿಡಿ. ಫೋನಿನಲ್ಲಿದೆಯಲ್ಲ ಎಂದು ನಂಬಿದರೆ ಬೇಕಾದ ಹೊತ್ತಿಗೇ ಚಾರ್ಜ್ ಮುಗಿದಿರುತ್ತದೆ.

ಇದರ ಜೊತೆ ಒಂದು ಅಭ್ಯಾಸ ಬೇಕು. ಕಿರಿಕಿರಿಯಾದ ಕ್ಷಣದಲ್ಲಿ ಮೂರು ಕೆಲಸ ಮಾಡಿ. ಏನು ನೋಯುತ್ತಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ದೇವರಿಗೆ ಹೇಳಿ: "ಸ್ವಾಮಿ, ಸೊಂಟ ನೋಯ್ತಿದೆ, ಸಿಟ್ಟು ಬರ್ತಿದೆ." ಆಮೇಲೆ ಕೀರ್ತನೆಯ ಒಂದು ಸಾಲು. ಕೊನೆಗೆ ಪಕ್ಕದವರಿಗೆ ಒಂದು ಸಣ್ಣ ಉಪಕಾರ: ಚೀಲ ಇಳಿಸಿಕೊಡುವುದು, ಜಾಗ ಬಿಡುವುದು, ಏನೂ ಇಲ್ಲದಿದ್ದರೆ ಒಂದು ನಗು. ಮೂರನೆಯದನ್ನು ಬಿಟ್ಟರೆ ಪ್ರಾರ್ಥನೆ ಬರಿಯ ಗೊಣಗಾಟವಾಗುತ್ತದೆ. ಮೊದಲನೆಯದನ್ನು ಬಿಟ್ಟರೆ ತೋರಿಕೆಯ ತಾಳ್ಮೆ ಉಳಿದು, ಸಂಜೆಯ ಹೊತ್ತಿಗೆ ಹೆಂಡತಿಯ ಮೇಲೋ ಗಂಡನ ಮೇಲೋ ರೇಗುವುದರಲ್ಲಿ ಮುಗಿಯುತ್ತದೆ.

ಸಾಲು, ಸೀಟು

ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣ ತಲುಪಲು ನಾಲ್ಕೈದು ಗಂಟೆ ಬೇಕು. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ವಿಮಾನ ಏರುವ ಮೊದಲೇ ದೇಹ ಅರ್ಧ ದಣಿದಿರುತ್ತದೆ. ಕಾಯುವ ಸಾಲಿಗೆ ಕೀರ್ತನೆ 130 ಹೊಂದುತ್ತದೆ, ಬೆಳಗನ್ನು ಎದುರುನೋಡುವ ಕಾವಲುಗಾರರು ಅದರಲ್ಲಿದ್ದಾರೆ. ಕಥೋಲಿಕರಿಗೆ ಜಪಸರದ ಹತ್ತು ಮಣಿಗೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಮುಂದೆ ನಿಂತವರ ಹೆಸರು ಗೊತ್ತಿಲ್ಲದಿದ್ದರೂ ಅವರಿಗಾಗಿ ಒಂದೊಂದು ಮಣಿ ಎಣಿಸಿ.

ಸೀಟಿನಲ್ಲಿ ಹಿರಿಯರು ಮಾಡುವ ದೊಡ್ಡ ತಪ್ಪು ನೀರು ಕುಡಿಯದಿರುವುದು. ಪಕ್ಕದವರನ್ನು ಎಬ್ಬಿಸಿ ಶೌಚಾಲಯಕ್ಕೆ ಹೋಗಲು ಸಂಕೋಚ. ಟಿಕೆಟ್ ಮಾಡಿಸುವಾಗಲೇ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ. ಸಿಗದಿದ್ದರೆ ನಾಚದೆ "ಎಕ್ಸ್‌ಕ್ಯೂಸ್ ಮಿ" ಅನ್ನಿ. ಬೇರೆಯವರಿಗೆ ತೊಂದರೆ ಕೊಡಬಾರದೆಂಬ ಹಟದೊಳಗೆ ಅಹಂಕಾರವೂ ಸೇರಿರುತ್ತದೆ, ಕೇಳಿಕೊಳ್ಳುವುದೇ ಅದಕ್ಕೆ ಮದ್ದು. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಹಿಮ್ಮಡಿಯನ್ನು ಹದಿನೈದು ಸಲ ಎತ್ತಿ ಇಳಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದನ್ನು ಸಹಿಸುವುದು ಭಕ್ತಿಯಲ್ಲ. ಕೂಡಲೇ ವಿಮಾನದ ಸಿಬ್ಬಂದಿಯನ್ನು ಕರೆಯಿರಿ. ಸಕ್ಕರೆ, ಬಿಪಿ ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ, ಹೊತ್ತು ಬದಲಾದಾಗ ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ವೈದ್ಯರನ್ನು ಕೇಳಿಕೊಳ್ಳಿ.

ರಾತ್ರಿ ಎರಡು ಗಂಟೆಯ ಎಚ್ಚರ

ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಹಾಗಾಗಿ ಒಂದು ವಾರ, ಹತ್ತು ದಿನ ನಡುರಾತ್ರಿ ಎಚ್ಚರವಾಗುತ್ತದೆ. ಆ ಹೊತ್ತಿನಲ್ಲಿ ಪ್ರಾರ್ಥನೆ ಒಣಗಿದಂತೆ, ದೇವರು ದೂರವಾದಂತೆ ಅನ್ನಿಸುತ್ತದೆ. ಅದು ನಂಬಿಕೆ ಕುಸಿದದ್ದಲ್ಲ, ನಿದ್ದೆಗೆಟ್ಟದ್ದು. 1 ಅರಸುಗಳು 19ರಲ್ಲಿ ಎಲೀಯನು ಸಾಕಪ್ಪಾ ಎಂದು ಗಿಡದ ಕೆಳಗೆ ಮಲಗಿದಾಗ ದೂತನು ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ, ದೂತನು ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಮಾತು ಆಮೇಲೆ ಬಂತು.

ಹಾಗೆಯೇ ಮಾಡಿ. ದೀಪ ಮಂದವಿರಲಿ, ಫೋನ್ ಮುಟ್ಟಬೇಡಿ. ಕಾಯುವಾತನು ತೂಕಡಿಸುವುದಿಲ್ಲ ಎಂಬ 121ರ ಸಾಲು ಸಾಕು, ಉದ್ದದ ಪ್ರಾರ್ಥನೆ ಬೇಡ. ಬೆಳಿಗ್ಗೆ ಅರ್ಧ ಗಂಟೆ ಬಿಸಿಲಲ್ಲಿ ನಡೆಯಿರಿ. ಹಗಲು ನಿದ್ದೆ ಅರ್ಧ ಗಂಟೆಗೆ ಮೀರದಿರಲಿ. ಮೊದಲ ವಾರ ಮಕ್ಕಳೊಡನೆ ಆಸ್ತಿ, ಮದುವೆಯ ಮಾತೆತ್ತಬೇಡಿ.

ಊಟ

ಹೆಚ್ಚು ಜಗಳ ಹುಟ್ಟುವುದು ಇಲ್ಲೇ. ಅರಣ್ಯಕಾಂಡ 11ರಲ್ಲಿ ಇಸ್ರಾಯೇಲರು ಐಗುಪ್ತದ ಮೀನು, ಸವತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಯನ್ನು ನೆನೆದು ಅತ್ತರು. ಮುದ್ದೆ, ಸೊಪ್ಪಿನ ಸಾರಿಗೆ ಬಾಯಿ ಚಪಲಪಡುವುದು ಪಾಪವಲ್ಲ. ಅವರಿಗೆ ಸವತೆಕಾಯಿ ನೆನಪಿತ್ತು, ಗುಲಾಮಗಿರಿ ಮರೆತಿತ್ತು, ತಪ್ಪಿದ್ದು ಅಲ್ಲಿ. ಚಟ್ನಿಪುಡಿ, ಸಾರಿನಪುಡಿ ಒಯ್ಯಿರಿ, ಆದರೆ ದೊಡ್ಡ ಪೆಟ್ಟಿಗೆಯಲ್ಲಿಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ 350 ಮಿಲಿಲೀಟರಿಗಿಂತ ಹೆಚ್ಚಿದ್ದರೆ ತಡೆದು ತಪಾಸಣೆ ಮಾಡುತ್ತಾರೆ. ಉಪ್ಪಿನಕಾಯಿಗೆ 100 ಮಿಲಿಲೀಟರಿನ ದ್ರವದ ನಿಯಮ ಹತ್ತುತ್ತದೆ. ಇಳಿದ ಮೇಲೆ ಸುಂಕದವರ ಬಳಿ ತಿಂಡಿ ಇದೆಯೆಂದು ಹೇಳಿಬಿಡಿ, ಮುಚ್ಚಿಟ್ಟರೆ ದಂಡ.

ನಿಮ್ಮ ಮುಂದೆ ಇಟ್ಟದ್ದನ್ನು ಊಟಮಾಡಿರಿ ಎಂದು ಯೇಸು ಲೂಕ 10:8ರಲ್ಲಿ ಶಿಷ್ಯರಿಗೆ ಹೇಳಿದ್ದು. ವೈದ್ಯರು ಬೇಡ ಎಂದದ್ದನ್ನು ಬಿಟ್ಟು ಉಳಿದದ್ದಕ್ಕೆ ಈ ನಿಯಮ: ಸ್ತೋತ್ರ ಹೇಳಿ, ಮೊದಲ ಮೂರು ತುತ್ತನ್ನು ನಮ್ಮೂರಿನದಕ್ಕೆ ಹೋಲಿಸದೆ ತಿನ್ನಿ. "ನಮ್ಮಲ್ಲಿ ಹೀಗೆ ಮಾಡಲ್ಲ" ಅಂದರೆ ಸೊಸೆಯ ಕಿವಿಗೆ ಅದು ತೀರ್ಪಾಗಿ ಬೀಳುತ್ತದೆ. ಬಿರುಗಾಳಿಯ ಹಡಗಿನಲ್ಲಿ 276 ಜನರ ಮುಂದೆ ಪೌಲನು ರೊಟ್ಟಿ ತೆಗೆದುಕೊಂಡು ದೇವರಿಗೆ ಸ್ತೋತ್ರ ಮಾಡಿ ತಿಂದ. ಎಲ್ಲರಿಗೂ ಧೈರ್ಯ ಬಂತು. ಅದೂ ಒಂದು ಸಾಕ್ಷಿ.

ಶ್ರೀರಂಗಪಟ್ಟಣದ ಗಂಜಾಂ ಚರ್ಚಿನ ಅಬ್ಬೆ ದುಬಾಯ್ ಅವರನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನಿಂದ ಬಂದ ಆ ಗುರುಗಳು ನಮ್ಮ ಉಡುಗೆ, ಊಟ, ರೀತಿಯನ್ನೇ ತಮ್ಮದಾಗಿ ಮಾಡಿಕೊಂಡು 1823ರವರೆಗೆ ಈ ಸೀಮೆಯಲ್ಲಿ ಬಾಳಿದರು. ನಮ್ಮೂರಿನ ನೀರು, ಖಾರ, ಬಿಸಿಲು ಅವರಿಗೆ ಹೇಗಿತ್ತೆಂದು ಯೋಚಿಸಿದರೆ ಮಗನ ಮನೆಯ ಪಾಸ್ತಾ ಗಂಟಲಲ್ಲಿ ಇಳಿಯುತ್ತದೆ.

ಪರಾಧೀನವಾಗಿ ಇರುವುದು

ಮನೆ ನಡೆಸಿದ ತಾಯಿ ಅಂಗಡಿಗೆ ಹೋಗಲೂ ಮಗನ ಕಾರಿಗಾಗಿ ಶನಿವಾರದವರೆಗೆ ಕಾಯಬೇಕು. ಪೇತ್ರನಿಗೆ ಯೇಸು ಹೇಳಿದ್ದು ಇದನ್ನೇ ಮುಟ್ಟುತ್ತದೆ: ಮುದುಕನಾದಾಗ ಬೇರೊಬ್ಬನು ನಿನಗೆ ನಡುಕಟ್ಟಿ ನಿನಗಿಷ್ಟವಿಲ್ಲದ ಕಡೆಗೆ ಒಯ್ಯುವನು, ಯೋಹಾನ 21:18. ತಾಯಿಯ ಬಳಿಯ ಕೂಸಿನಂತೆ ಮನಸ್ಸನ್ನು ಸುಮ್ಮನಾಗಿಸುವ ಕೀರ್ತನೆ 131ನ್ನು ದಿನಾ ಬೆಳಿಗ್ಗೆ ಹೇಳಿ, ಆಮೇಲೆ ದಿನಕ್ಕೊಂದು ಸಹಾಯವನ್ನು ಬೇಸರವಿಲ್ಲದೆ ಕೇಳಿ. ನಡೆದು ಹೋಗುವಷ್ಟು ಹತ್ತಿರದ ಚರ್ಚನ್ನು ಮೊದಲ ವಾರವೇ ಹುಡುಕಿಸಿ. ಭಾಷೆ ತಿಳಿಯದಿದ್ದರೂ ಕೂತು ಬನ್ನಿ.

ಜೆರುಸಲೇಮಿನ ಯಾತ್ರಿಕರಿಗೆ ಎರಡು ಮಾತು. ಹಳೆಯ ಪಟ್ಟಣದ ಕಲ್ಲುಹಾಸು ನುಣುಪು, ಜಾರುತ್ತದೆ. ಎರಡು ವಾರ ಮೆಟ್ಟಿ ಪಳಗಿಸಿದ ಶೂ ಹಾಕಿ. ಪವಿತ್ರ ಸಮಾಧಿಯ ಮುಂದೆ ನೂಕುನುಗ್ಗಲಿನಲ್ಲಿ ನಿಂತು ಒಳಗೆ ಹೋದಾಗ ಏನೂ ಅನ್ನಿಸದೆ ಇರಬಹುದು. ಕಣ್ಣೀರು ಬರಿಸಿಕೊಳ್ಳಲು ಹೋಗಬೇಡಿ. ಆತನು ಇಲ್ಲಿಲ್ಲ, ಎದ್ದಿದ್ದಾನೆ ಎಂಬ ಲೂಕ 24:6ನ್ನು ಹೇಳಿ ಹಿಂದಿನವರಿಗೆ ಜಾಗ ಬಿಡಿ.

ಬಂದ ಮೇಲೆ

ಅಮೆರಿಕದಿಂದ ಪೂರ್ವಕ್ಕೆ ಮರಳುವಾಗ ನಿದ್ದೆಯ ತೊಂದರೆ ಹೆಚ್ಚು, ವಾರ ಸುಧಾರಿಸಿಕೊಳ್ಳಿ. ಆಮೇಲೆ ಪರದೇಶದಲ್ಲಿ ನಿಮ್ಮನ್ನು ಹೆಚ್ಚು ಕಾಡಿದ್ದು ಯಾವುದೆಂದು ಗುರುತಿಸಿ, ಅದೇ ಕಷ್ಟದಲ್ಲಿರುವ ಒಬ್ಬರನ್ನು ಇಲ್ಲಿ ಹುಡುಕಿ. ಯಾಜಕಕಾಂಡ 19:34 ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿರಿ ಎನ್ನುವುದು, ನೀವೂ ಪರದೇಶಿಗಳಾಗಿದ್ದಿರಿ ಎಂಬ ಕಾರಣ ಕೊಟ್ಟು. ಭಾಷೆ ಕಾಡಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಬೋರ್ಡು ಓದಲಾರದೆ ನಿಂತವರಿಗೆ ಚೀಟಿ ಕೌಂಟರ್ ತೋರಿಸಿ. ಊಟ ಕಾಡಿದ್ದರೆ ಮಂಡ್ಯದ ಕಡೆ ಕಬ್ಬು ಕಡಿಯಲು ಹೊರಜಿಲ್ಲೆಗಳಿಂದ ಬಂದವರು ಏನು ತಿನ್ನುತ್ತಾರೆಂದು ಕೇಳಿ, ಅದನ್ನೇ ಒಂದು ದಿನ ಕೊಡಿ. ಒಂಟಿತನ ಕಾಡಿದ್ದರೆ ಬೇರೆ ರಾಜ್ಯದಿಂದ ಬಂದು ಪಿಜಿಯಲ್ಲಿರುವ ಹುಡುಗ ಹುಡುಗಿಯರನ್ನು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಿರಿ. ಖಾರ ಎಷ್ಟು ಹಿಡಿಸುತ್ತದೆಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.