ಕಡಲ ಇಳಿತ ನೋಡಿ ನಡೆಯುವ ದಾರಿ: ಹೋಹ್ ಕಾಡಿನಿಂದ ಟೊಲೀಕ್ ತೀರಕ್ಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕಿನಲ್ಲಿ ಮಳೆಕಾಡೂ ಇದೆ, ರಸ್ತೆಯೇ ಇಲ್ಲದ ಕಡಲ ತೀರವೂ ಇದೆ. ಸಿಯಾಟಲ್ ಕಡೆಯ ನಮ್ಮವರು ಹೆಚ್ಚಾಗಿ ಕಾರು ನಿಲ್ಲಿಸಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ನಾನು ಎರಡನ್ನೂ ನಡೆದೇ ನೋಡಿದೆ.

ಮೊದಲು ಹೋಹ್ ಕಾಡು. ನದಿ ಪಕ್ಕದ ದಾರಿ ಮೊದಲ ಐದು ಮೈಲಿ ಹೆಚ್ಚೂಕಮ್ಮಿ ಸಮತಟ್ಟು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯಲ್ಲಿ ಇದರ ಎರಡರಷ್ಟು ಸುರಿಯುತ್ತದೆ, ಆದರೆ ಇಲ್ಲಿ ಜಾಸ್ತಿ ಮಳೆ ಬರುವುದು ಚಳಿಗಾಲದಲ್ಲಿ. ಇಂಬಳದ ಕಾಟವಿಲ್ಲ. ಮೇಪಲ್ ಕೊಂಬೆಗಳಿಂದ ಪಾಚಿ ಜೋತು ಬಿದ್ದಿರುತ್ತದೆ. ನೆಲದ ಮೇಲೂ ಪಾಚಿ, ಜರಿಗಿಡ ಎಷ್ಟು ದಟ್ಟ ಅಂದರೆ ಬೀಜ ಬಿದ್ದರೂ ಬೇರೂರಲು ಜಾಗ ಸಿಗುವುದಿಲ್ಲ. ಹಾಗಾಗಿ ಸ್ಪ್ರೂಸ್, ಹೆಮ್ಲಾಕ್ ಸಸಿಗಳು ಬಿದ್ದ ಮರದ ಮೇಲೆ ಹುಟ್ಟುತ್ತವೆ. ಕಾಲಾಂತರದಲ್ಲಿ ಆ ದಿಮ್ಮಿ ಕೊಳೆತುಹೋಗುತ್ತದೆ, ಮೇಲಿನ ಮರಗಳು ಮಾತ್ರ ಸಾಲಾಗಿ, ಬೇರಿನ ಕೆಳಗೆ ಟೊಳ್ಳು ಬಿಟ್ಟುಕೊಂಡು ನಿಂತಿರುತ್ತವೆ. ಈ ಸಾಲುಗಳನ್ನು ಹುಡುಕುತ್ತಾ ನಡೆದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಡಲ ಕಡೆ ಹಾಗಲ್ಲ, ಅಲ್ಲಿ ಗಂಟೆ ಲೆಕ್ಕ ಹಾಕಲೇಬೇಕು. ಥರ್ಡ್ ಬೀಚಿನಿಂದ ಟೊಲೀಕ್ ಪಾಯಿಂಟಿಗೆ ಹೋಗುವಾಗ ಕಡಲಿಗೆ ಚಾಚಿದ ಬಂಡೆಗುಡ್ಡಗಳು ಅಡ್ಡ ಬರುತ್ತವೆ. ಎಷ್ಟು ಅಡಿ ನೀರಿದ್ದರೆ ಯಾವ ಗುಡ್ಡವನ್ನು ಕೆಳಗಿನಿಂದ ಸುತ್ತಿ ಹೋಗಬಹುದು ಎಂದು ನಕ್ಷೆಯಲ್ಲೇ ಬರೆದಿರುತ್ತದೆ. ಟೇಲರ್ ಪಾಯಿಂಟನ್ನಂತೂ ಯಾವ ಇಳಿತದಲ್ಲೂ ಕೆಳಗಿನಿಂದ ದಾಟುವಂತಿಲ್ಲ. ಹಗ್ಗ, ಏಣಿ ಹಿಡಿದು ಮೇಲೆ ಹತ್ತಿ, ಕಾಡಿನೊಳಗಿಂದ ಹೋಗಬೇಕು. ಕೆಸರಿರುತ್ತದೆ, ಕೈ ಜಾರುತ್ತದೆ, ಗ್ಲೌಸ್ ಇದ್ದರೆ ಒಳ್ಳೆಯದು.

ನಾನು ಮಾಡಿದ್ದು ಇಷ್ಟು. ಹತ್ತಿರದ ಊರು ಲಾ ಪುಶ್‌ನ ಉಬ್ಬರ-ಇಳಿತದ ಪಟ್ಟಿ ಮುಂದಿಟ್ಟುಕೊಂಡು, ಹಗಲಿನಲ್ಲಿ ದೊಡ್ಡ ಇಳಿತ ಬೀಳುವ ದಿನ ಆರಿಸಿದೆ. ನೀರು ಇಳಿಯುತ್ತಿರುವಾಗಲೇ ನಡೆಯಲು ಶುರು ಮಾಡಿದೆ. ಏರುವ ನೀರಿಗೆ ಮುಂಚೆ ಬಂಡೆ ದಾಟಿದರೆ ಸಾಕು ಅಂತ ಕೊನೇ ಗಳಿಗೆಗೆ ಬಿಡಬೇಡಿ. ಗಾಳಿ, ದೊಡ್ಡ ಅಲೆ ಇದ್ದರೆ ಪಟ್ಟಿಯಲ್ಲಿ ಇರುವುದಕ್ಕಿಂತ ನೀರು ಮೇಲೆ ಬರುತ್ತದೆ. ವಾಪಸ್ ಬರುವ ದಿನದ ಲೆಕ್ಕವೂ ಮೊದಲೇ ಬೇಕು, ಯಾಕೆಂದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ದಡದಲ್ಲಿ ಬಿದ್ದಿರುವ ದೊಡ್ಡ ದಿಮ್ಮಿಗಳನ್ನು ಅಲೆ ಸಲೀಸಾಗಿ ಎತ್ತಿ ಉರುಳಿಸುತ್ತದೆ. ನೀರು ತಾಗುವಷ್ಟು ಹತ್ತಿರ ಇದ್ದರೆ ಅವುಗಳ ಮೇಲೆ ಕೂರಲೇಬಾರದು.

ರಾತ್ರಿ ಉಳಿಯಲು ಪರ್ಮಿಟ್ ಬೇಕು. ಊಟವನ್ನು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ, ಅಂದರೆ ಬೇರ್ ಕ್ಯಾನಿಸ್ಟರಿನಲ್ಲಿ ಇಡುವುದು ಕಡ್ಡಾಯ. ಇಲ್ಲಿ ಕರಡಿಗಿಂತ ರಕೂನ್ ಎಂಬ ಸಣ್ಣ ಪ್ರಾಣಿಗಳ ಹಾವಳಿ ಜಾಸ್ತಿ. ಟೂತ್‌ಪೇಸ್ಟ್ ಕೂಡ ಒಳಗೇ ಹೋಗಬೇಕು. ಡಬ್ಬಿ ಚಿಕ್ಕದಾದ್ದರಿಂದ ನಾನು ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಹೋಗಿದ್ದೆ, ಬಿಸಿನೀರು ಹಾಕಿದರೆ ಊಟ ಸಿದ್ಧ. ತೊರೆಯ ನೀರು ಚಹಾ ಬಣ್ಣಕ್ಕಿರುತ್ತದೆ. ಅದು ಎಲೆ, ತೊಗಟೆಯಿಂದ ಬಿಡುವ ಟ್ಯಾನಿನ್ ಎಂಬ ಒಗರು ಅಂಶ, ಕೊಳಕಲ್ಲ. ಹಾಗಿದ್ದರೂ ಫಿಲ್ಟರ್ ಮಾಡಿಯೇ ಅಥವಾ ಕುದಿಸಿಯೇ ಕುಡಿಯಿರಿ.