ಪ್ಯಾಲೆಟ್ ಮಾಲು: ಹರಾಜು ಕೂಗುವ ಮುನ್ನ ಮಾಡಬೇಕಾದ ಲೆಕ್ಕ

ಆನ್‌ಲೈನ್‌ನಲ್ಲಿ ಕೊಂಡ ವಸ್ತು ಹಿಡಿಸದೆ ಹಿಂದಿರುಗಿಸಿದರೆ ಅದು ಮತ್ತೆ ಅಂಗಡಿಯ ಕಪಾಟಿಗೆ ಹೋಗುತ್ತದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಾಗುವುದಿಲ್ಲ. ಒಂದೊಂದು ಪೆಟ್ಟಿಗೆಯನ್ನೂ ತೆರೆದು, ಪರೀಕ್ಷಿಸಿ, ಮತ್ತೆ ಕಟ್ಟುವ ಕೂಲಿಯೇ ದುಬಾರಿಯಾದಾಗ ಕಂಪನಿಗಳು ಅವನ್ನು ಪ್ಯಾಲೆಟ್ ಎಂಬ ಮರದ ಹಲಗೆ-ಚೌಕಟ್ಟಿನ ಮೇಲೆ ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಸಗಟಾಗಿ ವಿಲೇವಾರಿ ಮಾಡಿಬಿಡುತ್ತವೆ. ಅದನ್ನು ಕೊಂಡು ಬಿಡಿಬಿಡಿಯಾಗಿ ಮಾರಿ ಬದುಕುವವರಿದ್ದಾರೆ, ಕೈ ಸುಟ್ಟುಕೊಂಡವರೂ ಇದ್ದಾರೆ. ಎರಡರ ನಡುವಿನ ವ್ಯತ್ಯಾಸ ಬಹುಪಾಲು ಕೊಳ್ಳುವ ಮುನ್ನವೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅನುಭವ.

ಮೊದಲು ಮಾಲಿನ ಸ್ಥಿತಿಯನ್ನು ಹೇಳುವ ಪದಗಳನ್ನು ಕಲಿಯಿರಿ. ‘ಓವರ್‌ಸ್ಟಾಕ್’ ಎಂದರೆ ಮಾರಾಟವಾಗದೆ ಉಳಿದ ಹೊಸ ದಾಸ್ತಾನು. ‘ಶೆಲ್ಫ್ ಪುಲ್’ ಎಂದರೆ ಕಪಾಟಿನಿಂದ ತೆಗೆದದ್ದು. ಪೆಟ್ಟಿಗೆ ಮಾಸಿರಬಹುದು, ಬೆಲೆಚೀಟಿ ಅಂಟಿರಬಹುದು. ‘ಕಸ್ಟಮರ್ ರಿಟರ್ನ್’ ಎಂದರೆ ಗ್ರಾಹಕರು ಹಿಂದಿರುಗಿಸಿದ್ದು: ಸರಿಯಿರುವುದೂ ಕೆಟ್ಟಿರುವುದೂ ಅದರಲ್ಲಿ ಬೆರೆತಿರುತ್ತವೆ. ‘ಸಾಲ್ವೇಜ್’ ಎಂದಿದ್ದರೆ ಬಿಡಿಭಾಗಕ್ಕಷ್ಟೇ ಯೋಗ್ಯ ಎಂದು ತಿಳಿಯಿರಿ. ಬಹುತೇಕ ಎಲ್ಲವನ್ನೂ ಇದ್ದ ಸ್ಥಿತಿಯಲ್ಲೇ ಮಾರುತ್ತಾರೆ, ಕೊಂಡ ಮೇಲೆ ವಾಪಸು ಕೊಡುವ ಮಾತಿಲ್ಲ.

ಬಳಿಕ ಎಲ್ಲಿ ಕೊಳ್ಳುವುದು ಎಂಬ ಪ್ರಶ್ನೆ. ಬಿ-ಸ್ಟಾಕ್, ಲಿಕ್ವಿಡೇಷನ್ ಡಾಟ್ ಕಾಮ್‌ನಂಥ ಹರಾಜು ತಾಣಗಳಿವೆ. ಪ್ಯಾಲೆಟ್ ಒಡೆದು ಮಾರುವ ಮಧ್ಯವರ್ತಿಗಳಿದ್ದಾರೆ. ಮಾಲು ನಿಮ್ಮನ್ನು ತಲುಪುವಷ್ಟರಲ್ಲಿ ಎಷ್ಟು ಕೈ ದಾಟಿದೆ ಎಂದು ಕೇಳಿ. ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಮತ್ತೆ ಸುತ್ತಿ ಮಾರುವುದು ಈ ವ್ಯಾಪಾರದ ಹಳೆಯ ರೋಗ. ಸಾಮಾಜಿಕ ಜಾಲತಾಣದಲ್ಲಿ ನಂಬಲಾಗದ ಅಗ್ಗದ ಬೆಲೆ ತೋರಿಸಿ, ಗಿಫ್ಟ್ ಕಾರ್ಡ್ ರೂಪದಲ್ಲಿ ಮುಂಗಡ ಕೇಳುವವರ ಹತ್ತಿರ ಪ್ಯಾಲೆಟ್ ಇರುವುದೇ ಇಲ್ಲ. ಸಾಧ್ಯವಾದರೆ ಗೋದಾಮಿಗೆ ಹೋಗಿ ಕಣ್ಣಾರೆ ನೋಡಿ.

ಇನ್ನು ಮ್ಯಾನಿಫೆಸ್ಟ್. ಪ್ಯಾಲೆಟ್‌ನಲ್ಲಿ ಏನೇನಿದೆ, ಎಷ್ಟಿದೆ, ಚಿಲ್ಲರೆ ಬೆಲೆ ಎಷ್ಟು ಎಂದು ಹೇಳುವ ಪಟ್ಟಿ ಇದು. ಮೊದಲ ಸಲದವರು ಪಟ್ಟಿಯೇ ಇಲ್ಲದ ಪ್ಯಾಲೆಟ್ ಮುಟ್ಟಬಾರದು. ಪಟ್ಟಿಯ ಕೊನೆಯ ಮೊತ್ತವನ್ನಲ್ಲ, ಸಾಲು ಸಾಲನ್ನೂ ಓದಬೇಕು. ನನ್ನ ಮೊದಲ ಪ್ಯಾಲೆಟ್‌ನಲ್ಲಿ ಒಂದೇ ಮಾದರಿಯ 22 ಕಾಫಿ ಯಂತ್ರಗಳಿದ್ದವು. ಒಂದೇ ಬಗೆಯದಾದರೆ ಮಾರುವುದು ಸುಲಭ ಎಂದು ಸಂತೋಷಪಟ್ಟಿದ್ದೆ. ಬಂದ ಮೇಲೆ ನೋಡಿದರೆ ಎಲ್ಲವೂ ಒಂದೇ ಜಾಗದಲ್ಲಿ ಸೋರುತ್ತಿದ್ದವು. ಒಂದು ಮಾದರಿ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ ಜನ ಅದನ್ನು ಏಕೆ ಹಿಂದಿರುಗಿಸುತ್ತಿದ್ದಾರೆ ಎಂದು ಗ್ರಾಹಕರ ವಿಮರ್ಶೆಗಳಲ್ಲಿ ಹುಡುಕಿ. ಹತ್ತು ನಿಮಿಷದ ಕೆಲಸವದು, ನಾನು ಮಾಡಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪಟ್ಟಿಯ ಚಿಲ್ಲರೆ ಮೊತ್ತ 100 ಎಂದಿಟ್ಟುಕೊಳ್ಳಿ. ನೀವು 18ಕ್ಕೆ ಹರಾಜು ಗೆದ್ದಿರಿ. ಸಾಗಣೆಗೆ 10, ಹರಾಜುದಾರರ ಶುಲ್ಕಕ್ಕೆ 2 ಸೇರಿ ಅಸಲು 30 ಆಯಿತು. ಮಾಲಿನಲ್ಲಿ 60 ಪಾಲು ಮಾರಲು ಯೋಗ್ಯ, ಅದೂ ಅರ್ಧ ಬೆಲೆಗೆ ಹೋಗುತ್ತದೆ ಎಂದರೆ ಕೈಗೆ ಬರುವುದು 30. ಅದರಲ್ಲಿ ಮಾರಾಟ ತಾಣದ ಕಮಿಷನ್, ಪೆಟ್ಟಿಗೆ, ಅಂಚೆಗೆ 6 ಕಳೆಯಿರಿ, ಉಳಿದದ್ದು 24. ಮೂಲಬೆಲೆಯ ಐದನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಕ್ಕಿತೆಂದು ಹಿಗ್ಗಿದ್ದ ಮಾಲಿನಲ್ಲಿ 6 ನಷ್ಟ, ನಿಮ್ಮ ದುಡಿಮೆಗೆ ಕೂಲಿ ಹಾಕದೆಯೇ! ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಬರುವ 24ರಲ್ಲಿ ಸಾಗಣೆ, ಶುಲ್ಕದ 12 ತೆಗೆದರೆ 12. ಕನಿಷ್ಠ 4 ಲಾಭ ಬೇಕೆಂದರೆ ನಿಮ್ಮ ಮಿತಿ 8. ಹರಾಜಿನ ಕಾವು ಏರುವ ಮುನ್ನವೇ ಈ ಮಿತಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ಬೆಲೆ ಎಂಬುದನ್ನೂ ಊಹೆಗೆ ಬಿಡಬೇಡಿ. ಇಬೇಯಂಥ ತಾಣಗಳಲ್ಲಿ ಈಗಾಗಲೇ ಮಾರಾಟವಾದ ವಸ್ತುಗಳ ಬೆಲೆ ನೋಡಲು ಸಿಗುತ್ತದೆ. ಮಾರುವವರು ಕೇಳುತ್ತಿರುವ ಬೆಲೆ ಬೇರೆ, ಕೊಂಡವರು ಕೊಟ್ಟ ಬೆಲೆ ಬೇರೆ.

ಸಾಗಣೆಯನ್ನು ಹಗುರವಾಗಿ ಎಣಿಸಬೇಡಿ. ದೂರದಿಂದ ತರಿಸಿದ ಒಂದೇ ಪ್ಯಾಲೆಟ್ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಉತ್ತರ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಯಾಲೆಟ್ 48 ಇಂಚು ಉದ್ದ, 40 ಇಂಚು ಅಗಲ. ಯೂರೋಪಿನದು 1200 ಮತ್ತು 800 ಮಿಲಿಮೀಟರ್. ನಿಮ್ಮ ಬಾಗಿಲನ್ನು ಅಳೆದುಕೊಳ್ಳಿ. ಮಾಲು ಇಳಿಸುವ ಕಟ್ಟೆ ಇಲ್ಲದಿದ್ದರೆ ಹಿಂಬದಿಯಲ್ಲಿ ಎತ್ತುಯಂತ್ರವಿರುವ ಲಾರಿಯನ್ನೇ ಕೇಳಬೇಕು, ಅದಕ್ಕೆ ಪ್ರತ್ಯೇಕ ಶುಲ್ಕವಿರಬಹುದು.

ಪ್ಯಾಲೆಟ್ ಬಂದ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹಾಳೆ ಕತ್ತರಿಸುವ ಮುನ್ನ ನಾಲ್ಕೂ ಬದಿಯ ಚಿತ್ರ ತೆಗೆಯಿರಿ, ಪಟ್ಟಿಯೊಂದಿಗೆ ತಾಳೆ ನೋಡಿ. ಕಡಿಮೆ ಬಂದಿದ್ದರೆ ದೂರು ಕೊಡಲು ಸಿಗುವುದು ಕೆಲವೇ ದಿನ. ಒಂದೊಂದನ್ನೂ ಚಾಲೂ ಮಾಡಿ, ಓಡುವುದು, ರಿಪೇರಿಯಾಗುವುದು, ಬಿಡಿಭಾಗಕ್ಕೆ ಹೋಗುವುದು ಎಂದು ಮೂರು ಗುಡ್ಡೆ ಮಾಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಕಂಡರೆ ಚಾರ್ಜ್ ಮಾಡದೆ ಬೇರೆಯಾಗಿಡಿ, ಬೆಂಕಿ ಹತ್ತಿಕೊಳ್ಳಬಹುದು. ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಹಿಂದಿನವರ ಮಾಹಿತಿಯನ್ನು ನೋಡದೆ ಅಳಿಸಿ. ಸುರಕ್ಷತೆಯ ಕಾರಣಕ್ಕೆ ತಯಾರಕರು ಹಿಂಪಡೆದ ಸರಕಲ್ಲವೇ ಎಂದು ಪರಿಶೀಲಿಸಿ; ಅಮೆರಿಕದಲ್ಲಿ 2008ರ ಕಾಯ್ದೆಯ ಪ್ರಕಾರ ಅಂಥ ಗ್ರಾಹಕ ಸರಕಿನ ಮಾರಾಟ ಕಾನೂನುಬಾಹಿರ. ಕಾರಿನ ಮಕ್ಕಳ ಆಸನ, ಹೆಲ್ಮೆಟ್‌ಗಳಿಗೆ ಏಟು ಬಿದ್ದಿದೆಯೇ ಎಂಬುದು ಹೊರಗೆ ಕಾಣುವುದಿಲ್ಲ. ಎಷ್ಟೇ ಬೆಲೆ ಬಂದರೂ ನಾನು ಅವನ್ನು ಮಾರುವುದಿಲ್ಲ, ಮತ್ತೊಬ್ಬರ ಮಗುವಿನ ಜೀವ ಅದರಲ್ಲಿ ಕೂರುತ್ತದೆ.

ಮಾರುವಾಗ ಗೀರು, ಕೊರತೆಗಳನ್ನು ಚಿತ್ರದಲ್ಲೇ ತೋರಿಸಿ. ಮೂರನೆಯ ಗುಡ್ಡೆಯನ್ನೂ ಬೇಗ ಎಸೆಯಬೇಡಿ. ನನ್ನ 22 ಕಾಫಿ ಯಂತ್ರಗಳನ್ನು ಇ-ತ್ಯಾಜ್ಯಕ್ಕೆ ಕೊಡುವ ಮುನ್ನ ಗಾಜಿನ ಜಾಡಿಗಳನ್ನು ತೆಗೆದಿಟ್ಟಿದ್ದೆ. ಜಾಡಿ ಒಡೆದುಕೊಂಡು ಯಂತ್ರವನ್ನು ಮೂಲೆಗಿಟ್ಟವರು ಎಷ್ಟೊಂದು ಜನರಿದ್ದಾರೆಂದು ಆಗಲೇ ಗೊತ್ತಾದದ್ದು. ಆರು ತಿಂಗಳಲ್ಲಿ 19 ಜಾಡಿಗಳು ಮಾರಾಟವಾದವು.