ಗಾಳಿಪಟದ ದಾರಕ್ಕೆ ಕ್ಯಾಮೆರಾ: ಹೊಲವನ್ನು ಮೇಲಿನಿಂದ ಸೆರೆಹಿಡಿಯುವ ಬಗೆ

ರೈಟ್ ಸಹೋದರರ ವಿಮಾನ ಹಾರಿದ್ದು 1903ರಲ್ಲಿ. ಅದಕ್ಕೂ 15 ವರ್ಷ ಮೊದಲೇ, 1888ರಲ್ಲಿ, ಫ್ರಾನ್ಸಿನ ಆರ್ಥರ್ ಬಾತ್ಯು ಗಾಳಿಪಟದಿಂದ ಫೋಟೊ ತೆಗೆದಿದ್ದ. ನಿಧಾನಕ್ಕೆ ಉರಿಯುವ ಬತ್ತಿಯೇ ಅವನ ಟೈಮರ್. ಕ್ಯಾಮೆರಾವನ್ನು ಪಟದ ಮೈಗೇ ಬಿಗಿದಿದ್ದ. ನೀವು ಹಾಗೆ ಮಾಡಬೇಡಿ, ಪಟ ಅದುರಿದಷ್ಟೂ ಚಿತ್ರ ಅದುರುತ್ತದೆ. ಪಟದಿಂದ 20 ಮೀಟರ್ ಕೆಳಗೆ, ದಾರಕ್ಕೆ ತೂಗುಹಾಕಿ.

ಎರಡೂವರೆ ಮೀಟರ್ ಅಗಲದ ಡೆಲ್ಟಾ (ತ್ರಿಕೋನಾಕಾರದ) ಪಟ, 70 ಕಿಲೊ ಎಳೆತ ತಾಳುವ ಡೇಕ್ರಾನ್ (ಪಾಲಿಯೆಸ್ಟರ್) ದಾರ, 150 ಗ್ರಾಂನ ಆಕ್ಷನ್ ಕ್ಯಾಮೆರಾ, ತೊಗಲಿನ ಕೈಗವಸು ಸಾಕು. ಮಾಂಜಾ ಬೇಡವೇ ಬೇಡ, ಅದು ಹಕ್ಕಿಯ ರೆಕ್ಕೆಯನ್ನೂ ಬೈಕ್ ಸವಾರನ ಕುತ್ತಿಗೆಯನ್ನೂ ಕೊಯ್ಯುತ್ತದೆ.

ಇಡೀ ಕೆಲಸದ ಜೀವಾಳ ತೂಗುಕಟ್ಟು, ಅಂದರೆ ದಾರ ಎತ್ತ ವಾಲಿದರೂ ಕ್ಯಾಮೆರಾವನ್ನು ಸಮತಲದಲ್ಲಿ ಹಿಡಿದಿಡುವ ಚೌಕಟ್ಟು. 1912ರಲ್ಲಿ ಪಿಯೇರ್ ಪೀಕಾವೆ ಕಂಡುಕೊಂಡ ಉಪಾಯವಿದು. 25 ಸೆಂ.ಮೀ.ನ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು + ಆಕಾರದಲ್ಲಿ ಅಡ್ಡಡ್ಡ ಜೋಡಿಸಿ, ನಾಲ್ಕೂ ತುದಿಗೆ ನುಣುಪಾದ ಬಳೆ ಹಾಕಿ, ನಡುವೆ ಕೆಳಗಡೆ ಕ್ಯಾಮೆರಾ ಬಿಗಿಯಿರಿ. ಪಟದ ದಾರದಲ್ಲಿ ಒಂದು ಮೀಟರ್ ಅಂತರಕ್ಕೆ ಎರಡು ಕೊಕ್ಕೆ. ಸುಮಾರು 6 ಮೀಟರ್ ನೈಲಾನ್ ದಾರವನ್ನು ಮೊದಲ ಕೊಕ್ಕೆಯಿಂದ ಒಂದನೇ ತುದಿಗೆ, ಅಲ್ಲಿಂದ ಎರಡನೇ ಕೊಕ್ಕೆಗೆ, ಮತ್ತೆ ಎರಡನೇ ತುದಿಗೆ, ಹೀಗೆ ನಾಲ್ಕೂ ತುದಿ ಮುಗಿಸಿ ಮೊದಲ ಕೊಕ್ಕೆಗೇ ಗಂಟು ಹಾಕಿ. ದಾರ ಬಳೆಗಳಲ್ಲಿ ಸಲೀಸಾಗಿ ಜಾರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಕ್ಯಾಮೆರಾ ಒಂದೇ ಕಡೆ ವಾಲಿ, ಫೋಟೊ ತುಂಬ ಬರೀ ಆಕಾಶ.

ಶಟರ್ ಸೆಕೆಂಡಿನ 1/1000ಕ್ಕಿಂತ ನಿಧಾನವಾಗಬಾರದು, 5 ಸೆಕೆಂಡಿಗೊಂದು ಚಿತ್ರ.

ಆಷಾಢದಲ್ಲಿ ರಾಯಚೂರು, ಕೊಪ್ಪಳದ ಎರೆಹೊಲಗಳ ಮೇಲೆ ನೈಋತ್ಯದ ಗಾಳಿ ಒಂದೇ ಸಮನೆ ಬೀಸುತ್ತದೆ. ಗಂಟೆಗೆ 15ರಿಂದ 25 ಕಿ.ಮೀ. ಗಾಳಿ ಹಿತ. ದೊಡ್ಡ ಕೊಂಬೆಗಳೇ ತೂಗಾಡುತ್ತಿದ್ದರೆ ಮನೆಗೆ ಹೋಗಿ. ಗಂಗಾವತಿ, ಆನೆಗೊಂದಿ ಕಡೆಯ ಬಂಡೆಗುಡ್ಡಗಳ ಪೂರ್ವಕ್ಕೆ ನಿಲ್ಲಬೇಡಿ, ಗುಡ್ಡದ ಮರೆಯಲ್ಲಿ ಗಾಳಿ ಸುಳಿ ತಿರುಗಿ ಪಟವನ್ನು ನೆಲಕ್ಕೆ ಬಡಿಯುತ್ತದೆ. ಮೊದಲು ಬರಿಯ ಪಟವನ್ನು ಹತ್ತು ನಿಮಿಷ ಹಾರಿಸಿ ನೋಡಿ. ಅದು ನೆಟ್ಟಗೆ ನಿಂತ ಮೇಲೇ ಕ್ಯಾಮೆರಾ ಕಟ್ಟಿ. 80 ಮೀಟರ್ ದಾರ ಬಿಟ್ಟರೆ ಪಟ ಸುಮಾರು 55 ಮೀಟರ್ ಮೇಲಿರುತ್ತದೆ. ಅದಕ್ಕಿಂತ ಎತ್ತರ ಬೇಡ.

1934ರ ವಿಮಾನ ಕಾಯ್ದೆ ಗಾಳಿಪಟವನ್ನೂ ವಿಮಾನವೆಂದೇ ಎಣಿಸಿತ್ತು. ಆದ್ದರಿಂದ ಠಾಣೆಗೆ ತಿಳಿಸಿಯೇ ಹಾರಿಸಿ. ತೋರಣಗಲ್ಲಿನ ವಿಮಾನ ನಿಲ್ದಾಣದ ಆಸುಪಾಸು ಬೇಡ, ಹಂಪಿಯಲ್ಲಿ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಬೇಡ. ಪಂಪ್‌ಸೆಟ್ಟಿನ ಕರೆಂಟ್ ತಂತಿಯಿಂದ ಕನಿಷ್ಠ 150 ಮೀಟರ್ ದೂರವಿರಿ. ನೆನೆದ ದಾರದಲ್ಲಿ ಕರೆಂಟ್ ಹರಿಯುತ್ತದೆ.

ಇಳಿಸುವಾಗ ದಾರ ಎಳೆದು ಸುತ್ತಬೇಡಿ, ಎಳೆದಷ್ಟೂ ಪಟ ಮೇಲೇರುತ್ತದೆ. ಒಬ್ಬರು ರಾಟೆ ಹಿಡಿದು ನಿಲ್ಲಲಿ. ಇನ್ನೊಬ್ಬರು ದಾರವನ್ನು ಕೈಗವಸಿನಲ್ಲಿ ಅದುಮುತ್ತ ಪಟದತ್ತ ನಡೆಯಲಿ. ಕ್ಯಾಮೆರಾ ಕೈಗೆ ಸಿಕ್ಕಿದ ಕೂಡಲೇ ಬಿಚ್ಚಿ ಚೀಲಕ್ಕೆ ಹಾಕಿ, ಪಟ ಆಮೇಲೆ.